ಇಂಟರ್ನೆಟ್ ಇಲ್ಲದಿದ್ದರೂ ಗಲ್ಲಾದ ಕಂಪ್ಯೂಟರಿನಿಂದ ಕಿಚನ್ ಪ್ರಿಂಟರಿಗೆ ಆರ್ಡರ್ ಹೇಗೆ ಹೋಗುತ್ತದೆ?

ಮಾಟುಂಗಾದ ನಿಮ್ಮ ಹೋಟೆಲಿನಲ್ಲಿ ಇಡೀ ದಿನ ಬ್ರಾಡ್‌ಬ್ಯಾಂಡ್ ಇರಲಿಲ್ಲ, ಆದರೂ ಆರ್ಡರ್ ಚೀಟಿ ಒಳಗೆ ಪ್ರಿಂಟಾಗುತ್ತಿತ್ತು. ಮರುದಿನ ಕರೆಂಟ್ ಹೋಗಿ ಬಂದದ್ದೇ ತಡ, ನೆಟ್ ಇದ್ದರೂ ಪ್ರಿಂಟರ್ ಸುಮ್ಮನಾಯಿತು ಎಂದಿದ್ದೀರಿ. ಚೀಟಿ ಹೋಗುವ ದಾರಿ ನೋಡಿದರೆ ಎರಡೂ ಅರ್ಥವಾಗುತ್ತವೆ.

ಬಿಲ್ಲಿಂಗ್ ಸಾಫ್ಟ್‌ವೇರಿಗೆ ಗೊತ್ತಿರುವುದು ಪ್ರಿಂಟರಿನ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, ಮಾತ್ರ. 192.168.1.50 ಎಂದಿಟ್ಟುಕೊಳ್ಳಿ. ಐಪಿಯ ಎಷ್ಟು ಭಾಗ ಹೊಂದಬೇಕೆಂದು ಹೇಳುವ ಮಾಸ್ಕ್ 255.255.255.0 ಆಗಿದ್ದು ಮೊದಲ ಮೂರು ಭಾಗ ತನ್ನದಕ್ಕೆ ಹೊಂದಿದರೆ, ಪ್ರಿಂಟರ್ ಇಲ್ಲೇ ಇದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಹೊರಗಿನ ದಾರಿ ಹಿಡಿಯುವುದೇ ಇಲ್ಲ. ಆದರೆ ಕೇಬಲ್‌ಗಳನ್ನು ಕೂಡಿಸುವ ಎದರ್‌ನೆಟ್ ಸ್ವಿಚ್ ಐಪಿ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಯಂತ್ರದ 48 ಬಿಟ್‌ನ ಮ್ಯಾಕ್ ನಂಬರ್. ಹಾಗಾಗಿ ಕಂಪ್ಯೂಟರ್ ಮೊದಲು ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ‘50 ಯಾರು?’ ಪ್ರಿಂಟರ್ ತನ್ನ ಮ್ಯಾಕ್ ಹೇಳುತ್ತದೆ, ಉಳಿದವರು ಸುಮ್ಮನಿರುತ್ತಾರೆ. ಇದೇ ಎಆರ್‌ಪಿ. ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದರಿಂದ ಪ್ರತಿ ದೋಸೆಗೂ ಕೂಗಬೇಕಾಗಿಲ್ಲ.

ಆಮೇಲೆ ಡೇಟಾ ಫ್ರೇಮ್ ಎಂಬ ಸಣ್ಣ ಕಟ್ಟುಗಳಾಗಿ ಹೊರಡುತ್ತದೆ. ಫ್ರೇಮಿನ ಮುಂದೆ ತಲುಪಬೇಕಾದ ಮ್ಯಾಕ್ 6 ಬೈಟ್, ಕಳಿಸಿದವರದು 6 ಬೈಟ್, ಬಗೆ ಹೇಳಲು 2 ಬೈಟ್. ನಡುವೆ ಗರಿಷ್ಠ 1500 ಬೈಟ್ ಸರಕು. ಕೊನೆಯಲ್ಲಿ ತಪ್ಪು ಹಿಡಿಯುವ 4 ಬೈಟ್. ಯಾವ ಪೋರ್ಟಿನಿಂದ (ಕೇಬಲ್ ಸಿಕ್ಕಿಸುವ ತೂತಿನಿಂದ) ಯಾವ ಮ್ಯಾಕ್ ಬಂತೆಂದು ಸ್ವಿಚ್ ಬರೆದಿಟ್ಟುಕೊಂಡು, ಫ್ರೇಮನ್ನು ಆ ಪೋರ್ಟಿಗಷ್ಟೇ ಬಿಡುತ್ತದೆ. ನಿಮ್ಮ ರೂಟರಿನ ಹಿಂಬದಿಯ ಲ್ಯಾನ್ ತೂತುಗಳೂ ಒಂದು ಸ್ವಿಚ್ಚೇ. ನೆಟ್ ಇಲ್ಲದೆ ಚೀಟಿ ಬಂದದ್ದು ಹೀಗೆ.

ಇನ್ನು ಕರೆಂಟಿನ ಕಥೆ. ಪ್ರಿಂಟರ್ ಮತ್ತೆ ಆನ್ ಆದಾಗ ರೂಟರಿನಿಂದ ಹೊಸ ಐಪಿ, ಉದಾಹರಣೆಗೆ 53, ಪಡೆದಿರಬೇಕು. ಸಾಫ್ಟ್‌ವೇರ್ ಇನ್ನೂ 50ನ್ನೇ ಕೂಗುತ್ತಿದೆ. ನನ್ನ ಮೊದಲ ಗುಮಾನಿ ಇದೇ. ಪರೀಕ್ಷಿಸಲು ಪ್ರಿಂಟರ್ ಆಫ್ ಮಾಡಿ, ಫೀಡ್ ಬಟನ್ ಒತ್ತಿಹಿಡಿದು ಆನ್ ಮಾಡಿ. ಹೆಚ್ಚಿನ ಥರ್ಮಲ್ ಲ್ಯಾನ್ ಪ್ರಿಂಟರ್‌ಗಳು ತಮ್ಮ ಐಪಿಯನ್ನು ಚೀಟಿಯಲ್ಲೇ ಕೊಡುತ್ತವೆ. ವಿಂಡೋಸ್‌ನಲ್ಲಿ ಹಳೆಯ ಐಪಿಗೆ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಆದೇಶ) ಕೊಟ್ಟಾಗ ನಿಮ್ಮದೇ ಕಂಪ್ಯೂಟರಿನ ಐಪಿಯಿಂದ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಬಂದರೆ, ಕೂಗಿಗೆ ಯಾರೂ ಓಗೊಡಲಿಲ್ಲ ಎಂದರ್ಥ. ಪಿಂಗ್‌ಗೆ ಉತ್ತರ ಬಂದೂ ಪ್ರಿಂಟ್ ಆಗದಿದ್ದರೆ ಮೋಸ ಹೋಗಬೇಡಿ: ಆ 50 ಈಗ ಯಾರದೋ ಮೊಬೈಲಿಗೆ ಸಿಕ್ಕಿರಬಹುದು. ಇಂಥ ಪ್ರಿಂಟರ್‌ಗಳು ಸಾಮಾನ್ಯವಾಗಿ 9100ನೇ ಪೋರ್ಟಿನಲ್ಲಿ (ಇದು ತೂತಲ್ಲ, ಸಾಫ್ಟ್‌ವೇರಿನ ಬಾಗಿಲ ನಂಬರ್) ಕಾಯುತ್ತವೆ, ಮೊಬೈಲ್ ಕಾಯುವುದಿಲ್ಲ.

ಪರಿಹಾರ: ರೂಟರಿನ ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಪುಟದಲ್ಲಿ ಪ್ರಿಂಟರಿನ ಮ್ಯಾಕ್‌ಗೆ 50ನ್ನು ಕಾಯ್ದಿರಿಸಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಪ್ರಿಂಟರಿನಲ್ಲೇ ಐಪಿ ಕಟ್ಟಿಹಾಕುವುದಾದರೆ ರೂಟರ್ ಹಂಚುವ ಶ್ರೇಣಿಯಿಂದ ಹೊರಗಿನದನ್ನು ಕೊಡಿ, ಸಾಫ್ಟ್‌ವೇರಿನಲ್ಲೂ ಅದನ್ನೇ ಬರೆಯಿರಿ.

ಪ್ರಿಂಟ್ ಕೆಲವೊಮ್ಮೆ ಮಾತ್ರ ತಡವಾದರೆ ಐಪಿಯನ್ನು ಬಿಟ್ಟು ಕೇಬಲ್ ನೋಡಿ. ಗ್ರೈಂಡರಿನ ವೈರಿಗೆ ಅಂಟಿಕೊಂಡು ಹೋದ ಕೇಬಲಿನಲ್ಲಿ ಫ್ರೇಮ್ ಕೆಡಬಹುದು; ಕೆಟ್ಟದ್ದನ್ನು ಎದರ್‌ನೆಟ್ ಸದ್ದಿಲ್ಲದೆ ಬಿಸಾಡುತ್ತದೆ, ಮತ್ತೆ ಕಳಿಸುವ ಹೊರೆ ಡೇಟಾ ಪೂರ್ತಿ ತಲುಪುವಂತೆ ನೋಡಿಕೊಳ್ಳುವ ಟಿಸಿಪಿಯದು. ಮಳೆಗಾಲದ ತೇವ, ಒಗ್ಗರಣೆಯ ಜಿಡ್ಡು ಸೇರಿ ಪಿನ್ ಹಸಿರುಗಟ್ಟಿದ್ದರೆ ಒರೆಸುತ್ತಾ ಕೂರಬೇಡಿ. ತುದಿ ಕತ್ತರಿಸಿ ಹೊಸ ಆರ್‌ಜೆ45 ಪ್ಲಗ್ ಹಾಕಿಸಿ. 100 ಎಂಬಿಪಿಎಸ್ ವೇಗಕ್ಕೆ 1, 2, 3, 6ನೇ ಪಿನ್‌ಗಳಷ್ಟೇ ಸಾಕು.