ಊರು ಯಾವುದೆಂದು ಕೇಳಿದರೆ ಮಗಳು ಶಾರ್ಜಾ ಎನ್ನುತ್ತಾಳೆ

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಸಮೀಪದವರು, ಮನೆಮಾತು ತುಳು. 14 ವರ್ಷ ಶಾರ್ಜಾದಲ್ಲಿದ್ದು, ಯಜಮಾನರ ಕೆಲಸ ಹೋದ ಕಾರಣ ಕಳೆದ ಮೇ ತಿಂಗಳಲ್ಲಿ ಊರಿಗೆ ಮರಳಿದೆವು. ಅಲ್ಲಿಯೇ ಹುಟ್ಟಿದ ಮಗಳಿಗೆ ಈಗ 13 ವರ್ಷ. ತುಳು ಚೆನ್ನಾಗಿ ಮಾತನಾಡುತ್ತಾಳೆ, ಕನ್ನಡ ಅರ್ಥವಾಗುತ್ತದೆ, ಆದರೆ ಓದಲು ಬಾರದು. ತರವಾಡು ಮನೆಯ (ಕುಟುಂಬದ ಮೂಲಮನೆಯ) ನೇಮದ, ಅಂದರೆ ದೈವಾರಾಧನೆಯ ದಿನ ಹಿರಿಯರೊಬ್ಬರು ‘ನಿನ್ನ ಊರು ಓಲು?’ ಎಂದು ಕೇಳಿದಾಗ ಅವಳು ‘ಶಾರ್ಜಾ’ ಎಂದಳು, ಚಪ್ಪರದಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಅಂದಿನಿಂದ ಯಾವ ಸಮಾರಂಭಕ್ಕೂ ಬರುವುದಿಲ್ಲ. ಅಲ್ಲಿಯ ಶಾಲೆಯ ಐಡಿ ಕಾರ್ಡನ್ನು ಇನ್ನೂ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ರಾತ್ರಿ ಅಲ್ಲಿಯ ಗೆಳತಿಯರೊಡನೆ ಫೋನಿನಲ್ಲಿ ಮಾತನಾಡುವುದನ್ನು ನಿಲ್ಲಿಸಬೇಕೆಂದು ಯಜಮಾನರು ಹೇಳುತ್ತಾರೆ. ಇಂಗ್ಲಿಷ್ ಮಾಧ್ಯಮ ಬಿಡಿಸಿ ಕನ್ನಡ ಮಾಧ್ಯಮಕ್ಕೆ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಮಾವನವರ ಅಭಿಪ್ರಾಯ. ನಾನೇನು ಮಾಡಲಿ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಪ್ರಿಯ ಸೋದರಿ, ನಿಮ್ಮ ಮಗಳು ಅಂದು ಸರಿಯಾದ ಉತ್ತರವನ್ನೇ ಕೊಟ್ಟಳು. ಹುಟ್ಟಿದ, ನಡೆಯಲು ಕಲಿತ, ಮೊದಲ ಗೆಳತಿಯನ್ನು ಕಂಡುಕೊಂಡ ಜಾಗವನ್ನು ಊರು ಎನ್ನದೆ ಇನ್ನೇನೆನ್ನಬೇಕು? ನೀವು ಮರಳಿ ಬಂದಿರಿ. ಅವಳು ಮರಳಿ ಬರಲಿಲ್ಲ, ತನ್ನ ಊರನ್ನು ಬಿಟ್ಟು ಹೊಸ ಊರಿಗೆ ಬಂದಳು. ಒಂದೇ ವಿಮಾನದಲ್ಲಿ ಕುಳಿತು ಬಂದ ತಾಯಿ ಮಗಳ ಪ್ರಯಾಣಗಳು ಇಷ್ಟು ಬೇರೆಬೇರೆಯಾಗಿದ್ದವು ಎಂಬುದನ್ನು ಮನೆಯವರೆಲ್ಲ ಒಪ್ಪಿಕೊಂಡರೆ ಅರ್ಧ ದಾರಿ ಸವೆದಂತೆ.

ಇಂತಹ ಮಕ್ಕಳ ಕುರಿತು ಅಧ್ಯಯನ ಆರಂಭವಾದದ್ದು ನಮ್ಮ ದೇಶದಲ್ಲಿಯೇ. 1950ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಉಸೀಮ್ ಮತ್ತು ಅವರ ಪತಿ ಜಾನ್ ಉಸೀಮ್ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕನ್ನರ ಬದುಕನ್ನು ಅಭ್ಯಾಸ ಮಾಡಲು ಬಂದಿದ್ದರು. ತಂದೆತಾಯಿಯ ನಾಡಿನ ರೀತಿ ಒಂದು, ನೆಲೆಸಿದ ನಾಡಿನ ರೀತಿ ಇನ್ನೊಂದು, ಇವೆರಡರ ನಡುವೆ ಬದುಕುವವರು ತಾವೇ ಕಟ್ಟಿಕೊಳ್ಳುವ ರೀತಿ ಮೂರನೆಯದು ಎಂದು ಕಂಡುಕೊಂಡ ಅವರು, ಅದರಲ್ಲಿ ಬೆಳೆದವರನ್ನು ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ಕರೆದರು. ಈ ವಿಚಾರವನ್ನು ಮುಂದೆ ಬೆಳೆಸಿದ ಡೇವಿಡ್ ಪೊಲಾಕ್ ಮತ್ತು ರೂತ್ ವ್ಯಾನ್ ರೆಕೆನ್ ಎಂಬವರು, ಈ ಮಕ್ಕಳಲ್ಲಿ ಹೊರಗೆ ಕಾಣದ ಒಂದು ದುಃಖ ಉಳಿದುಬಿಡುವುದನ್ನು ಗುರುತಿಸಿದರು. ಯಾರೂ ತೀರಿಹೋಗಿಲ್ಲವಾದ್ದರಿಂದ ಅಳುವುದಕ್ಕೆ ಕಾರಣವೇ ಇಲ್ಲವೆಂದು ಹಿರಿಯರು ತಿಳಿಯುತ್ತಾರೆ. ಆದರೆ ಶಾಲೆ, ಗೆಳತಿಯರು, ಬಾಲ್ಕನಿಯಿಂದ ಕಾಣುತ್ತಿದ್ದ ರಸ್ತೆ ಎಲ್ಲವೂ ಒಂದೇ ದಿನದಲ್ಲಿ ಇಲ್ಲವಾಗಿರುತ್ತವೆ. ಶಾರ್ಜಾದಲ್ಲಿ 2022ರಿಂದ ಶುಕ್ರವಾರವೂ ಸೇರಿ ವಾರಕ್ಕೆ ಮೂರು ದಿನ ರಜೆ. ಇಲ್ಲಿ ಶುಕ್ರವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸುವಾಗ ಅವಳ ಮುಖ ಬಾಡುವುದನ್ನು ನೀವು ನೋಡಿರಬಹುದು, ಅದನ್ನು ಸೋಮಾರಿತನವೆಂದು ಭಾವಿಸಬೇಡಿ.

ಕೊಲ್ಲಿ ರಾಷ್ಟ್ರಗಳಿಂದ ಬಂದ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶದ ಪೌರತ್ವ ಸಿಗುವುದಿಲ್ಲ. ಮಗುವಿನ ವಾಸ ತಂದೆಯ ಅಥವಾ ತಾಯಿಯ ವೀಸಾಕ್ಕೆ ಅಂಟಿಕೊಂಡಿರುತ್ತದೆ. ತಂದೆಯ ಕೆಲಸ ಹೋದಾಗ ಮಗಳ ಊರೂ ಹೋಗುತ್ತದೆ. ಹುಟ್ಟಿದೂರಿಗೆ ಪ್ರವಾಸಿಯ ವೀಸಾದಲ್ಲಿ ಹೋಗಬೇಕಾದ 13ರ ಹುಡುಗಿ ಹಳೆಯ ಐಡಿ ಕಾರ್ಡನ್ನು ಜೋಪಾನ ಮಾಡದೆ ಏನು ಮಾಡಿಯಾಳು? ಅಲ್ಲಿ ತಾನೂ ಒಬ್ಬಳಾಗಿದ್ದೆ ಎನ್ನುವುದಕ್ಕೆ ಅವಳಲ್ಲಿ ಉಳಿದಿರುವ ಕಾಗದ ಅದು. ದಯವಿಟ್ಟು ಅದನ್ನು ಮುಟ್ಟಬೇಡಿ. ಫೋನನ್ನೂ ನಿಲ್ಲಿಸಬೇಡಿ. ನಿದ್ದೆಗೆಡದಂತೆ ಸಮಯವನ್ನು ಸಂಜೆಗೆ ತನ್ನಿರಿ, ಅಷ್ಟು ಸಾಕು. ಈ ವಿಷಯದಲ್ಲಿ ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪಲಾರೆ. ಆದರೆ ಕೆಲಸ ಕಳೆದುಕೊಂಡು ಬಂದ ಅವರಿಗೂ ಶಾರ್ಜಾದ ಹೆಸರು ಕೇಳಿದರೆ ನೋವಾಗುತ್ತಿರಬಹುದು, ಅದನ್ನೂ ಒಮ್ಮೆ ಕುಳಿತು ಮಾತನಾಡಿ.

ನಮ್ಮ ಕಾಸರಗೋಡಿನವರಿಗೆ ಈ ಹುಡುಗಿಯ ಉತ್ತರ ನಗೆ ತರಿಸಿತಲ್ಲ ಎಂಬುದು ನನಗೆ ಬಹಳ ನೋವು ತಂದ ಸಂಗತಿ. 1956ರ ನವೆಂಬರ್ 1ರಂದು ಮನೆಯ ಹೊಸ್ತಿಲನ್ನೂ ದಾಟದೆ ಮದರಾಸು ರಾಜ್ಯದ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿಹೋದವರು ನಮ್ಮ ಹಿರಿಯರು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಹೇಳಿತು, ಅದು ಕಾಗದದಲ್ಲಿಯೇ ಉಳಿಯಿತು. ಬೆಂಗಳೂರಿನಲ್ಲಿ ‘ಕೇರಳದವರಾ?’ ಎಂದೂ ತಿರುವನಂತಪುರದಲ್ಲಿ ‘ಕರ್ನಾಟಕದವರಾ?’ ಎಂದೂ ಕೇಳಿಸಿಕೊಂಡು ಪ್ರತಿಸಲವೂ ನಾಲ್ಕು ವಾಕ್ಯಗಳ ಉತ್ತರ ಕೊಡುವವರು ನಾವು. ಕನ್ನಡಕ್ಕಾಗಿ ಬಾಳಿಡೀ ಹೋರಾಡಿದ, ನಿಮ್ಮದೇ ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಮಗಳಿಗೆ ಇದನ್ನು ಪಾಠದಂತೆ ಒಪ್ಪಿಸಬೇಡಿ. ಒಂದು ಭಾನುವಾರ ಮಂಜೇಶ್ವರದ ಗೋವಿಂದ ಪೈಗಳ ಮನೆಗೆ ಕರೆದುಕೊಂಡು ಹೋಗಿ, ಅವಳೇ ಪ್ರಶ್ನೆ ಕೇಳಲಿ.

ಶಾಲೆಯ ಮಾತಿಗೆ ಬರುತ್ತೇನೆ. ಕನ್ನಡ ಶಾಲೆಗಳು ಉಳಿಯಬೇಕೆಂಬ ನಿಮ್ಮ ಮಾವನವರ ಕಾಳಜಿ ನನ್ನದೂ ಹೌದು. ಆದರೂ ಅಕ್ಷರವೇ ಬಾರದ ಹುಡುಗಿಯನ್ನು ಒಂಬತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮಕ್ಕೆ ಹಾಕಿದರೆ ಅವಳು ಎರಡನೆಯ ಸಲ ಬೇರು ಕಿತ್ತಂತಾಗುತ್ತಾಳೆ, ಕನ್ನಡದ ಮೇಲೆಯೇ ಮುನಿಸಿಕೊಳ್ಳುತ್ತಾಳೆ. ಇದ್ದ ಶಾಲೆಯಲ್ಲಿಯೇ ಇರಲಿ. ಅಕ್ಷರವನ್ನು ಅಜ್ಜನೇ ಮನೆಯಲ್ಲಿ ಕಲಿಸಲಿ, ಬೇಕಾದರೆ ಅವಳಿಂದ ಅರಬ್ಬಿ ಅಕ್ಷರಗಳನ್ನು ಅವರು ಕಲಿಯಲಿ. ಅಲ್ಲಿಯ ಶಾಲೆಗಳಲ್ಲಿ ಅರಬ್ಬಿ ಕಡ್ಡಾಯವಾದ್ದರಿಂದ ಅದು ಅವಳಿಗೆ ಬರುತ್ತದೆ. ಅಜ್ಜನ ಎದುರು ಒಂದು ದಿನವಾದರೂ ಗುರುವಾಗಿ ಕುಳಿತುಕೊಳ್ಳುವುದು ಅವಳಿಗೆ ಬೇಕಾಗಿದೆ.

ಮನೆಯ ಕೆಲಸವನ್ನೂ ಅವಳ ಪಾಲಿಗೆ ಬಿಡಿ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಕಾಲಿನಿಂದ ಸಾಲುಸಾಲಾಗಿ ಮಗುಚುವುದು, ಮೋಡ ಕಂಡೊಡನೆ ಟಾರ್ಪಾಲು ಎಳೆಯಲು ಓಡುವುದು, ಹಣ್ಣಡಿಕೆಗೂ ಒಣಗಿದ್ದಕ್ಕೂ ಇರುವ ಸದ್ದಿನ ವ್ಯತ್ಯಾಸ ತಿಳಿಯುವುದು – ಇವು ಯಾರೂ ಅವಳನ್ನು ಯಾವ ಊರೆಂದು ಕೇಳದ ಹೊತ್ತುಗಳು.

ಮುಂದಿನ ನೇಮಕ್ಕೆ ಅವಳನ್ನು ಒತ್ತಾಯಿಸಬೇಡಿ. ಬಂದರೆ ಪಕ್ಕದಲ್ಲಿಯೇ ಕುಳ್ಳಿರಿಸಿಕೊಳ್ಳಿ. ಯಾರಾದರೂ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಅವಳು ಬಾಯಿ ತೆರೆಯುವವರೆಗೆ ಕಾಯಿರಿ; ಅವಳು ‘ಶಾರ್ಜಾ’ ಎಂದರೆ, ‘ಹೌದು, ಹುಟ್ಟಿದ್ದು ಅಲ್ಲಿಯೇ’ ಎಂದು ಎಲ್ಲರಿಗೂ ಕೇಳುವಂತೆ ನೀವು ಹೇಳಿ.