ಕ್ಯಾಮೆರಾ ಕಳಿಸಿದ ನೋಟಿಸ್: ಫೋಟೊ ಒಂದೇ ಸಾಕೆ?

ಪ್ರಶ್ನೆ: ಬೆಂಗಳೂರಿನ ಸರ್ಕಲ್ ಒಂದರಲ್ಲಿ ನನ್ನ ಬೈಕು ಸಿಗ್ನಲ್ ಜಂಪ್ ಮಾಡಿದೆ ಎಂದು ಮನೆಗೆ ನೋಟಿಸ್ ಬಂದಿದೆ. ಅಂದು ಗಾಡಿ ಒಯ್ದಿದ್ದವನು ಅಣ್ಣನ ಮಗ. ಫೋಟೊದಲ್ಲಿ ನಂಬರ್ ಪ್ಲೇಟ್ ಕಾಣುತ್ತದೆ, ಸಿಗ್ನಲ್ ದೀಪ ಕಾಣುವುದಿಲ್ಲ. ಅವನನ್ನು ಯಾವ ಪೊಲೀಸರೂ ತಡೆದಿರಲಿಲ್ಲ. ಈ ಕೇಸು ನಿಲ್ಲುತ್ತದೆಯೇ? ಸುಮ್ಮನಿದ್ದುಬಿಡಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಪೊಲೀಸರು ತಡೆಯಲಿಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಕಲಂ 136ಎ ಕ್ಯಾಮೆರಾ ಮೂಲಕ ತಪ್ಪು ಹಿಡಿಯಲು ಅವಕಾಶ ಕೊಟ್ಟಿದೆ. ಅದು ಹೇಗೆ ನಡೆಯಬೇಕೆಂದು 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ನಿಯಮ 167ಎ ಹೇಳುತ್ತದೆ. ನಿಮಗೆ ಬಲ ಸಿಗುವುದು ಅಲ್ಲೇ.

ಆ ನಿಯಮದ ಪ್ರಕಾರ ಫೋಟೊದಲ್ಲಿ ನಂಬರ್ ಪ್ಲೇಟಿನ ಜೊತೆಗೆ ತಪ್ಪೂ ಸ್ಪಷ್ಟವಾಗಿ ಕಾಣಬೇಕು. ನಂಬರ್ ಮಾತ್ರ ಇರುವ ಚಿತ್ರ ಗಾಡಿ ಅಲ್ಲಿತ್ತು ಎಂದಷ್ಟೇ ಹೇಳುತ್ತದೆ. ಸ್ಟಾಪ್ ಲೈನ್ ದಾಟುವಾಗ ದೀಪ ಕೆಂಪಾಗಿತ್ತು ಎಂದು ಹೇಳುವುದಿಲ್ಲ. ಸಾಮಾನ್ಯವಾಗಿ ಇಂಥ ಜಂಕ್ಷನ್‌ಗಳಲ್ಲಿ ಒಂದು ಕ್ಯಾಮೆರಾ ನಂಬರನ್ನು ಹತ್ತಿರದಿಂದ ಹಿಡಿದರೆ, ಇನ್ನೊಂದು ದೀಪ ಮತ್ತು ಸ್ಟಾಪ್ ಲೈನನ್ನು ಒಟ್ಟಿಗೆ ಹಿಡಿಯುತ್ತದೆ. ಆ ಎರಡನೆಯ ಚಿತ್ರವನ್ನು ಬರಹದಲ್ಲೇ ಕೇಳಿ. ದಿನಾಂಕ, ಸಮಯ, ಸ್ಥಳ, ಯಾವ ಕಲಂ ಉಲ್ಲಂಘನೆ ಎಂಬುದೂ ನೋಟಿಸ್‌ನಲ್ಲಿ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕೆಂದೂ, ಕ್ಯಾಮೆರಾಕ್ಕೆ ಸರ್ಕಾರದ ಅನುಮೋದನೆ ಪತ್ರವಿದ್ದು ಅದು ವರ್ಷವರ್ಷ ನವೀಕರಣವಾಗಬೇಕೆಂದೂ ಅದೇ ನಿಯಮ ಹೇಳುತ್ತದೆ.

ಬಹಳ ಜನ ಗಮನಿಸದ ವಿಷಯ ಪ್ರಮಾಣಪತ್ರದ್ದು. ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನು ಕೋರ್ಟು ಒಪ್ಪಬೇಕಾದರೆ, ಅದು ಯಾವ ಸಾಧನದಿಂದ ಹೇಗೆ ಬಂತು ಎಂದು ತಿಳಿಸುವ ಪ್ರಮಾಣಪತ್ರ ಅದರ ಜೊತೆ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 65ಬಿ(4)ರಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ಕ್ಕೆ ಬಂದಿದೆ. ಹೊಸ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ಬರೆಯಬೇಕು, ತಜ್ಞರೂ ಸಹಿ ಹಾಕಬೇಕು. ದಂಡ ಐನೂರೋ ಸಾವಿರವೋ ಆದರೂ ಇದನ್ನು ಕೇಳುವ ಹಕ್ಕು ನಿಮಗಿದೆ.

ಓಡಿಸಿದ್ದು ಯಾರು ಎಂದು ಪೊಲೀಸರು ಕೇಳಿದರೆ ಕಲಂ 133ರಂತೆ ಮಾಲೀಕರಾದ ನೀವು ಚಾಲಕನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಲೇಬೇಕು. ಮನೆಯ ಹುಡುಗ ಎಂದು ಮುಚ್ಚಿಡಬೇಡಿ.

ಸುಮ್ಮನಿರುವುದಂತೂ ಬೇಡ. ಕೇಸು ಕೋರ್ಟಿಗೆ ಹೋಗಿ ಸಮನ್ಸ್ ಬರಬಹುದು. ನೋಟಿಸ್‌ನಲ್ಲಿರುವ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಒಪ್ಪದಿದ್ದರೆ ಕೋರ್ಟಿನಲ್ಲಿ ವಾದಿಸಬಹುದು. ದಂಡ ಕಟ್ಟಿದರೆ ಪ್ರಕರಣ ರಾಜಿಯಾಗಿ ಮುಗಿಯುತ್ತದೆ, ಆಮೇಲೆ ತಕರಾರಿಗೆ ಜಾಗವಿಲ್ಲ. ಇದೆಲ್ಲಕ್ಕೂ ಮೊದಲು ಅಣ್ಣನ ಮಗನನ್ನು ಕೂರಿಸಿ ಕೇಳಿ. ಕೆಂಪು ದೀಪ ದಾಟಿದ್ದು ನಿಜವಾದರೆ ದಂಡ ಕಟ್ಟಿಬಿಡಿ. ಎದುರಿನಿಂದ ಹಸಿರು ನೋಡಿ ಬರುವವರ ಪ್ರಾಣದ ಪ್ರಶ್ನೆ ಅದು.

ಪ್ರಶ್ನೆ: ಪೊಲೀಸರು ಸ್ವಂತ ಮೊಬೈಲಿನಲ್ಲಿ ತೆಗೆದ ಫೋಟೊ ನಡೆಯುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಸ್ಪೀಡ್ ಗನ್, ಸಿಸಿಟಿವಿ, ಮೈಮೇಲಿನ ಬಾಡಿ ಕ್ಯಾಮೆರಾ, ಡ್ಯಾಶ್‌ಬೋರ್ಡ್ ಕ್ಯಾಮೆರಾ ಇವೆಲ್ಲ ಮೇಲೆ ಹೇಳಿದ ನಿಯಮ 167ಎಯಲ್ಲಿ ಹೆಸರಿಸಿದ ಸಾಧನಗಳು. ಸ್ವಂತ ಮೊಬೈಲಿನ ಹೆಸರು ಅಲ್ಲಿಲ್ಲ. ಬೇರೆ ತಂತ್ರಜ್ಞಾನವನ್ನು ಸೇರಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹಾಗೆ ಸೇರಿಸಿದ ಆದೇಶ, ಅನುಮೋದನೆ ಪತ್ರ ಎರಡನ್ನೂ ಆಕ್ಷೇಪಣೆಯಲ್ಲೇ ಕೇಳಿ.