ಕೇಳಿದ್ದೀರಿ, ಉತ್ತರಿಸಿದ್ದೇವೆ: ಮಾರಿಕಾಂಬೆಯ ಜಾತ್ರೆ, ಕಾವಿಯ ಗೋಡೆ

ಪ್ರಶ್ನೆ: 2024ರಲ್ಲಿ ಶಿರಸಿ ಜಾತ್ರೆಯ ಗದ್ದಲ ಇಳಿಯಲಿ ಎಂದು ಕಾದು, ಮುಗಿದ ನಾಲ್ಕನೇ ದಿನ ಹರಕೆಯ ಉಡಿ ತಂದೆವು. ದೇವಿಯ ದರ್ಶನವೇ ಇಲ್ಲ ಎಂದರು. ಹೀಗೇಕೆ? ಯಾವಾಗ ಬರಬೇಕಿತ್ತು?
– ಹುಬ್ಬಳ್ಳಿಯ ಓದುಗರು

ಉತ್ತರ: ಜಾತ್ರೆಯ ವರ್ಷ ಈ ತಪ್ಪು ಬಹಳ ಜನರಿಂದ ಆಗುತ್ತದೆ. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022, 2024 ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ಶುರುವಾಗುವುದು ಮಂಗಳವಾರ, ಮುಗಿಯುವುದು ಮರುವಾರದ ಬುಧವಾರ. ಮುಗಿದ ಮೇಲೆ ಯುಗಾದಿಯ ದಿನ ಮರುಪ್ರತಿಷ್ಠೆ ಆಗುವವರೆಗೆ ಗರ್ಭಗುಡಿಯಲ್ಲಿ ದೇವಿ ಇರುವುದಿಲ್ಲ. 2024ರಲ್ಲಿ ಜಾತ್ರೆ ಮಾರ್ಚ್ 19ರಿಂದ 27ರವರೆಗೆ ನಡೆಯಿತು, ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ನೀವು ಬಂದದ್ದು ಆ ನಡುವೆ. ಜಾತ್ರೆಗೆ ಮುಂಚೆಯೂ ಕೆಲವು ದಿನ ಹೀಗೇ. ಹೊರಬೀಡು ಎಂಬ ಪೂರ್ವಭಾವಿ ಉತ್ಸವಗಳು ಮುಗಿದು, ಅಂಕೆ ಹಾಕುವ ವಿಧಿ ನಡೆದ ಮೇಲೆ ವಿಗ್ರಹವನ್ನು ಪೀಠದಿಂದ ಇಳಿಸಿ ಬಣ್ಣಕ್ಕೆ ಕೊಡುತ್ತಾರೆ. ಹಾಗಾಗಿ ಆ ವರ್ಷ ಬರುವುದಾದರೆ ಜಾತ್ರೆಯ ಒಂದು ತಿಂಗಳು ಮೊದಲು ಬನ್ನಿ, ಜಾತ್ರೆಯೊಳಗೇ ಬನ್ನಿ, ಇಲ್ಲವೇ ಯುಗಾದಿ ಕಳೆದ ಮೇಲೆ ಬನ್ನಿ.

ಜಾತ್ರೆಯೊಳಗೂ ದಿನ ನೋಡಬೇಕು. ಮಂಗಳವಾರ ರಾತ್ರಿ ಗುಡಿಯಲ್ಲಿ ಕಲ್ಯಾಣೋತ್ಸವ. ಬುಧವಾರ ಬೆಳಿಗ್ಗೆ ದೇವಿ ರಥ ಏರಿ ಜಾತ್ರೆಯ ಬಯಲಾದ ಬಿಡಕಿಬೈಲಿಗೆ ಬರುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಗದ್ದುಗೆಯಲ್ಲಿ ಕೂರುತ್ತಾಳೆ. ಉಡಿ, ಹಣ್ಣುಕಾಯಿ, ತುಲಾಭಾರ ಇವೆಲ್ಲ ಶುರುವಾಗುವುದು ಗುರುವಾರ ನಸುಕಿನಿಂದ. ಬುಧವಾರವೇ ಉಡಿ ಹಿಡಿದು ನಿಂತರೆ ತೇರು ನೋಡಿದ ಪುಣ್ಯ ಮಾತ್ರ. ಕೊನೆಯ ಬುಧವಾರ ಬೆಳಿಗ್ಗೆಯೇ ಸೇವೆ ನಿಲ್ಲುವುದರಿಂದ ಆ ದಿನವನ್ನು ನಂಬಿಕೊಂಡು ದೂರದಿಂದ ಹೊರಡಬೇಡಿ. ಶುಕ್ರವಾರ, ಭಾನುವಾರ ಸಾಲು ತೀರಾ ಉದ್ದ.

ಬಾಗಿಲು ಮುಚ್ಚುವುದಕ್ಕೆ ಕಾರಣ ಜಾತ್ರೆಯ ಕಥೆಯೊಳಗೇ ಇದೆ. ಕುಲ ಮರೆಮಾಚಿ ಒಬ್ಬ ದೇವಿಯನ್ನು ಮದುವೆಯಾದ, ನಿಜ ತಿಳಿದು ಅವಳು ಉರಿದೆದ್ದಳು, ಅವನು ಕೋಣನ ಮೈ ಹೊಕ್ಕು ಅಡಗಿದ, ಅವಳು ಸಂಹರಿಸಿದಳು ಎಂಬುದು ಐತಿಹ್ಯ. ಮದುವೆ, ಮೆರವಣಿಗೆ, ಬಲಿ, ಕೊನೆಗೆ ಜಾತ್ರೆಗೆಂದೇ ಕಟ್ಟುವ ಮಾತಂಗಿ ಚಪ್ಪರಕ್ಕೆ ಬೆಂಕಿ: ಎಲ್ಲವೂ ಆ ಕಥೆಯ ಹೆಜ್ಜೆಗಳೇ. ಗಂಡನನ್ನು ಕೊಂದವಳ ಸೂತಕದ ದಿನಗಳು ಅವು. ಯುಗಾದಿಗೆ ಅವಳು ಮತ್ತೆ ಹೊಸಬಳು. ಕಥೆಯೊಳಗಿನ ಜಾತಿಯ ಕೊಂಕು ಇಂದು ಓದಿದರೆ ಕಣ್ಣಿಗೆ ಚುಚ್ಚುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ.

ಪ್ರಶ್ನೆ: ಕೋಣದ ಬಲಿ ಈಗಲೂ ಇದೆಯೇ? ಮಾರಿಕಾಂಬೆಗೆ ಕ್ಷೀರಾಭಿಷೇಕ ಮಾಡಿಸಬಹುದೇ?
– ಅಂಕೋಲೆಯ ಓದುಗರು

ಉತ್ತರ: ಬಲಿ ಇಲ್ಲ. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದಿದ್ದರು. ಆ ದಶಕದಲ್ಲೇ ಕೋಣ ಕಡಿಯುವುದು ನಿಂತಿತು, ಗುಡಿ ಎಲ್ಲ ಜಾತಿಯವರಿಗೂ ತೆರೆಯಿತು. ದೇವಿಗೆ ಮೀಸಲಾದ ಪಟ್ಟದ ಕೋಣವನ್ನು ಸಾಕುವುದು, ಪೂಜಿಸುವುದು ಉಳಿದುಕೊಂಡಿದೆ. ಈಗ ನಡೆಯುವುದು ಪ್ರಾಣಿಯನ್ನು ಕೊಲ್ಲದ ಸಾತ್ವಿಕ ಬಲಿ.

ಅಭಿಷೇಕದ ಮಾತು: ದೇವಿ ಏಳು ಅಡಿ ಎತ್ತರದ, ಎಂಟು ಕೈಯ ಮರದ ಮೂರ್ತಿ, ಮೈಗೆಲ್ಲ ಕೆಂಪು ಬಣ್ಣ. ದಾರುವಿಗ್ರಹಕ್ಕೆ ನೀರು, ಹಾಲು ಸುರಿಯುವಂತಿಲ್ಲ. ಸುರಿದರೆ ಬಣ್ಣದಡಿಯ ಮರ ಹಿಗ್ಗಿ ಬಿರುಕು ಬಿಡುತ್ತದೆ, ಹಾಲಿನ ಜಿಡ್ಡಿಗೆ ಹುಳು ಬರುತ್ತದೆ. ಜಾತ್ರೆಗೆ ಮುನ್ನ ಬಣ್ಣ ಹೊಸದು ಮಾಡುವುದೂ ಇದೇ ಕಾರಣಕ್ಕೆ. ಇಲ್ಲಿ ಸಲ್ಲುವುದು ಕುಂಕುಮಾರ್ಚನೆ ಮತ್ತು ಉಡಿ. ಉಡಿಗೆ ಕುಪ್ಪಸದ ಖಣ, ಐದು ಹಿಡಿ ಅಕ್ಕಿ, ಜುಟ್ಟು ಬಿಟ್ಟ ತೆಂಗಿನಕಾಯಿ, ಎಲೆ, ಅಡಿಕೆ, ಬೆಲ್ಲದಚ್ಚು, ಅರಿಸಿನ, ಕುಂಕುಮ, ಹಸಿರು ಬಳೆ ಸಾಕು. ಪ್ಲಾಸ್ಟಿಕ್ ಪೊಟ್ಟಣದ ‘ರೆಡಿ ಉಡಿ’ಯಲ್ಲಿ ಸಾಮಾನ್ಯವಾಗಿ ಅಕ್ಕಿ ಒಂದು ಚಿಟಿಕೆ, ಖಣದ ಬದಲು ಬಣ್ಣ ಬಿಡುವ ಚಿಂದಿ. ಮನೆಯಿಂದಲೇ ಕಟ್ಟಿಕೊಂಡು ಬನ್ನಿ.

ಪ್ರಶ್ನೆ: ನಮ್ಮೂರ ಗುಡಿಯ ಗೋಡೆಯಲ್ಲಿ ಶಿರಸಿಯ ಮಾರಿಕಾಂಬೆ ಗುಡಿಯಲ್ಲಿರುವಂಥ ಕೆಂಪು-ಬಿಳಿ ಚಿತ್ರಗಳಿವೆ. ಕೆಳಭಾಗ ಉದುರುತ್ತಿದೆ. ಸಿಮೆಂಟ್ ಹಚ್ಚಿ ಮೇಲೆ ಕೆಂಪು ಪೇಂಟಿನಲ್ಲಿ ಬರೆಸೋಣ ಎನ್ನುತ್ತಿದ್ದಾರೆ.
– ಕುಮಟಾ ತಾಲೂಕಿನ ಓದುಗರು

ಉತ್ತರ: ದಯವಿಟ್ಟು ತಡೆಯಿರಿ. ಅದು ಕಾವಿ ಕಲೆ. ಬರೆದ ಚಿತ್ರವಲ್ಲ, ಕೆರೆದ ಚಿತ್ರ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಹಚ್ಚಿ, ಹಸಿ ಇರುವಾಗಲೇ ಕಂಟದಿಂದ, ಅಂದರೆ ಮೊನೆಯ ಉಕ್ಕಿನ ಕಡ್ಡಿಯಿಂದ, ಬೇಡದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಕಾಣುತ್ತದೆ. ಪೇಂಟಿನಲ್ಲಿ ಅದರ ನಕಲು ಮಾಡಬಹುದು, ಅಷ್ಟೇ.

ಸಿಮೆಂಟ್ ಏಕೆ ಬೇಡ? ಕರಾವಳಿಯ ಗೋಡೆ ಚಿರೆಕಲ್ಲಿನದು. ಮಳೆಗಾಲದಲ್ಲಿ ನೆಲದ ನೀರನ್ನು ಹೀರಿ ಮೇಲೆಳೆಯುತ್ತದೆ. ಸುಣ್ಣದ ಗಾರೆ ಆ ಪಸೆಯನ್ನು ಹೊರಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಕೆಳಗೆ ಮೂರು ಅಡಿ ಸಿಮೆಂಟ್ ಹಾಕಿದರೆ ನೀರು ನಾಲ್ಕನೇ ಅಡಿಗೆ ಏರಿ ಅಲ್ಲಿ ಉಪ್ಪು ಹೂಬಿಡುತ್ತದೆ, ಇಂದು ಚೆನ್ನಾಗಿರುವ ಚಿತ್ರವೂ ಉದುರುತ್ತದೆ. ಮೊದಲು ಮಾಡಿನ ಸೋರಿಕೆ ನೋಡಿ, ಅಂಗಳದ ನೀರು ಗೋಡೆಯ ಬುಡದಿಂದ ದೂರ ಹರಿಯುವಂತೆ ಮಾಡಿ, ಬುಡಕ್ಕೆ ಒತ್ತಿ ಹಾಕಿದ ಕಾಂಕ್ರೀಟ್ ಇದ್ದರೆ ತೆಗೆಸಿ. ಒಂದು ಮಳೆಗಾಲ ಕಳೆದು ಗೋಡೆ ಒಣಗಿತೇ ಎಂದು ಕಂಡ ಮೇಲೆಯೇ ಗಾರೆಯ ಕೆಲಸ.

ಗಾರೆಗೆ ಚಿಪ್ಪಿಸುಣ್ಣ ಬೇಕು. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಎರಡು ಪಾಲು ತೊಳೆದ ಹೊಳೆಮರಳು. ಸಮುದ್ರದ ಮರಳು ಬೇಡವೇ ಬೇಡ, ಅದರ ಉಪ್ಪು ಎಂದಾದರೂ ಹೊರಬರುತ್ತದೆ. ಬೆಲ್ಲದ ನೀರು ಹಾಕಿ ಕಲಸಿ, ಕಡಿಮೆಯೆಂದರೆ ಎರಡು ವಾರ ಕೊಳೆಯಲು ಬಿಟ್ಟು, ಆಮೇಲೆ ಬೆಣ್ಣೆಯಂತಾಗುವವರೆಗೆ ಕುಟ್ಟಬೇಕು. ಕೆಂಪಿಗೆ ಉರಮಂಜನ್ನು, ಅಂದರೆ ಕೆಂಪು ಮಣ್ಣಿನ ಬಣ್ಣವನ್ನು, ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿ ಸುಣ್ಣದ ತಿಳಿಯಲ್ಲಿ ಬೆರೆಸುತ್ತಾರೆ. ಸುಣ್ಣ ಅರಳಿಸುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಒಂದು ದಿನ ಕೆರೆದು ಮುಗಿಸುವಷ್ಟೇ ಜಾಗಕ್ಕೆ ಗಾರೆ ಹಚ್ಚಿ. ಬಿಳಿ ಪದರ ಬೆರಳೊತ್ತಿದರೆ ಗುರುತು ಬೀಳುವಷ್ಟು ಹಸಿ ಇದ್ದಾಗ ಕೆಂಪು ಬಳಿಯಬೇಕು. ಒಣಗಿದ ಮೇಲೆ ಬಳಿದರೆ ಒರೆಸಿದ ಕೈಗೆ ಬಣ್ಣ ಬರುತ್ತದೆ. ಸುಣ್ಣ ಗಾಳಿಯನ್ನು ಹೀರಿ ನಿಧಾನ ಕಲ್ಲಾಗುವಾಗ ಬಣ್ಣವನ್ನೂ ಒಳಗೆ ಕಟ್ಟಿಕೊಳ್ಳುತ್ತದೆ. ಕೆಂಪು ತೆಳ್ಳಗಿರಲಿ. ದಪ್ಪವಾದರೆ ಗೆರೆಯ ಅಂಚು ಮುರಿದು ಹಲ್ಲುಹಲ್ಲಾಗುತ್ತದೆ. ಕೆಲಸಕ್ಕೆ ದೀಪಾವಳಿಯ ನಂತರದ ತಂಪಿನ ದಿನಗಳೇ ಒಳ್ಳೆಯವು. ಏಪ್ರಿಲ್ ಬಿಸಿಲಿಗೆ ಗಾರೆ ಒಂದೇ ಮಧ್ಯಾಹ್ನದಲ್ಲಿ ಒಣಗಿ ಪುಡಿಯಾದೀತು. ಒದ್ದೆ ಗೋಣಿ ಇಳಿಬಿಟ್ಟು ಕೆಲವು ದಿನ ನೆರಳು ಮಾಡಿ.

ಇಷ್ಟೆಲ್ಲ ಚಿತ್ರ ಪೂರ್ತಿ ಬಿದ್ದುಹೋದ ಜಾಗಕ್ಕೆ ಮಾತ್ರ. ಉಳಿದಿರುವ ಹಳೆಯ ಗೆರೆಯನ್ನು ಮುಟ್ಟಬೇಡಿ, ಮೃದು ಕುಂಚದಿಂದ ಧೂಳು ಕೊಡವಿದರೆ ಸಾಕು. ತೊಳೆಯುವುದು, ಆಸಿಡ್ ಹಾಕುವುದು, ವಾರ್ನಿಶ್ ಬಳಿಯುವುದು ಮೂರೂ ಕೂಡದು. ಹಬ್ಬಕ್ಕೆ ‘ಸ್ವಚ್ಛ ಕಾಣಲಿ’ ಎಂದು ಸುಣ್ಣ ಬಳಿದು ಮುಚ್ಚಿದ ಚಿತ್ರಗಳು ನಮ್ಮ ಜಿಲ್ಲೆಯಲ್ಲಿ ಉದುರಿದವುಗಳಿಗಿಂತ ಹೆಚ್ಚೇ ಇದ್ದಾವು. ಕೆಲಸಕ್ಕೆ ಕೈಹಾಕುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆದು, ಟ್ರೇಸಿಂಗ್ ಹಾಳೆಯಲ್ಲಿ ಗೆರೆ ಎತ್ತಿಡಿ.

ಪ್ರಶ್ನೆ: ಗೋಕರ್ಣ ಸೇರಿ ಪಂಚಕ್ಷೇತ್ರಗಳನ್ನು, ಅಂದರೆ ಆತ್ಮಲಿಂಗದ ಕಥೆಗೆ ಸೇರಿದ ಐದು ಶಿವಕ್ಷೇತ್ರಗಳನ್ನು, ಒಂದೇ ದಿನ ಮುಗಿಸಬಹುದೇ?
– ಕಾರವಾರದ ಓದುಗರು

ಉತ್ತರ: ನೀವು ಕಾರವಾರದವರಾದ್ದರಿಂದ ಸುಲಭ. ಬೆಳಿಗ್ಗೆ ಊರಿನ ಶೆಜ್ಜೇಶ್ವರ ಮುಗಿಸಿ, ಗೋಕರ್ಣ, ಧಾರೇಶ್ವರ, ಹೊನ್ನಾವರ ತಾಲೂಕಿನ ಗುಣವಂತೆ, ಕೊನೆಗೆ ಮುರ್ಡೇಶ್ವರ ಎಂದು ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಇಳಿಯಿರಿ. ಮಧ್ಯಾಹ್ನ ಗುಡಿಗಳ ಬಾಗಿಲು ಹಾಕುವುದರಿಂದ ಗೋಕರ್ಣವನ್ನು ಹತ್ತು ಗಂಟೆಯೊಳಗೆ ಹಿಡಿಯಬೇಕು. ಅಲ್ಲಿ ಕೋಟಿತೀರ್ಥ, ಆಮೇಲೆ ಮಹಾಗಣಪತಿ, ಅನಂತರ ಮಹಾಬಲೇಶ್ವರ ಎಂಬುದು ಕ್ರಮ. ರಾವಣ ತಂದ ಆತ್ಮಲಿಂಗವನ್ನು ಕೆಳಗಿಟ್ಟು ಉಳಿಸಿದವನು ಗಣಪತಿಯಾದ್ದರಿಂದ ಮೊದಲ ಪೂಜೆ ಅವನಿಗೆ. ಲಿಂಗ ಎದ್ದು ಕಾಣುವುದಿಲ್ಲ, ಪೀಠದ ರಂಧ್ರದೊಳಗೆ ಬೆರಳಿಗೆ ಸಿಗುತ್ತದೆ. ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು, ಪ್ಯಾಂಟಿನಲ್ಲಿ ಬಂದು ಬಾಗಿಲಲ್ಲಿ ಪಂಚೆ ಹುಡುಕುತ್ತ ಅರ್ಧ ಗಂಟೆ ಕಳೆಯಬೇಡಿ. ಶಿವರಾತ್ರಿಯ ವಾರದಲ್ಲಿ ಒಂದೇ ದಿನದ ಲೆಕ್ಕ ನಡೆಯದು, ಗೋಕರ್ಣಕ್ಕೇ ಒಂದು ದಿನ ಇಟ್ಟುಕೊಳ್ಳಿ.